ತಾತನ ಆಂಪ್ಲಿಫೈಯರ್, ಅಪ್ಪನ ಕಿವಿ

ನಮ್ಮೂರು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿದೆ. ಈ ಕಡೆ ಯಾರ ಮನೆಯಲ್ಲಾದರೂ ಅಟ್ಟ ಅಂದರೆ ತೆಂಗಿನಕಾಯಿ. ಬಲಿತ ಕಾಯಿಯನ್ನು ಸುಲಿಯದೆ ಹತ್ತು–ಹನ್ನೆರಡು ತಿಂಗಳು ಅಟ್ಟದ ಮೇಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ನೋಡುವುದು ಕಣ್ಣಲ್ಲಲ್ಲ, ಕಿವಿಯಲ್ಲಿ. ಕಾಯಿ ಅಲ್ಲಾಡಿಸಿದಾಗ ಒಳಗೆ ಗುಂಡು ಗಡಗಡ ಅಂದರೆ ಒಡೆಯಬಹುದು. ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು.

ಆ ಸಲ ಹಬ್ಬಕ್ಕೆ ಹೋದಾಗ ಅಪ್ಪನ ಜೊತೆ ಅಟ್ಟ ಹತ್ತಿದ್ದೆ. ಅಪ್ಪ ಒಂದು ಕಾಯಿ ತಗೊಂಡು ಅಲ್ಲಾಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈಗೆ ಕೊಟ್ಟರು. ‘ನೀನೇ ನೋಡ್ಲಾ.’ ಮಗನಿಗೆ ಕಲಿಸುತ್ತಿದ್ದಾರೆ ಅಂದುಕೊಂಡೆ. ಅದು ಕಲಿಸುವುದಾಗಿರಲಿಲ್ಲ ಅಂತ ಗೊತ್ತಾಗಿದ್ದು ತುಂಬಾ ದಿನಗಳಾದ ಮೇಲೆ.

ಆವತ್ತು ನನ್ನ ಗಮನವೆಲ್ಲ ಮೂಲೆಯಲ್ಲಿದ್ದ ಗೋಣಿಚೀಲದ ಮೇಲಿತ್ತು. ಒಳಗಿದ್ದದ್ದು ತಾತನ ಮೈಕ್ ಸೆಟ್ಟಿನ ವಾಲ್ವ್ ಆಂಪ್ಲಿಫೈಯರ್, ಪಕ್ಕದಲ್ಲಿ 12 ಇಂಚಿನ ಎರಡು ಸ್ಪೀಕರಿನ ಮರದ ಪೆಟ್ಟಿಗೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ‘ಕುರುಕ್ಷೇತ್ರ’ ನಾಟಕ ಆಡಿದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ಪಕ್ಕದ ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಹುಟ್ಟಿದ ಸೀಮೆ ಇದು. ಅಂಥ ನಾಟಕಗಳಿಗೆ ತಾತ ಎತ್ತಿನಗಾಡಿಯಲ್ಲಿ ಈ ಸೆಟ್ ಸಾಗಿಸುತ್ತಿದ್ದರಂತೆ. ಹಾರನ್ ಸ್ಪೀಕರ್ ಊರಿಗೆ, ಈ ಪೆಟ್ಟಿಗೆ ರಂಗದ ಮೇಲಿನವರಿಗೆ.

ನಾನು ಬೆಂಗಳೂರಿನಲ್ಲಿ ಹಗಲು ಕೋಡ್ ಬರೆಯುತ್ತೇನೆ, ರಾತ್ರಿ ಗಿಟಾರ್ ಬಾರಿಸುತ್ತೇನೆ. ಹಳೆಯ ವಾಲ್ವ್ ಆಂಪ್ಲಿಫೈಯರಿಗೆ ಗಿಟಾರಿನವರು ಯಾಕೆ ಸಾಯುತ್ತಾರೆ ಅಂತ ಗೊತ್ತಲ್ಲ? ಮಿತಿ ಮೀರಿ ದುಡಿಸಿದಾಗ ವಾಲ್ವು ಒಮ್ಮೆಗೇ ಕರ್ಕಶವಾಗುವುದಿಲ್ಲ, ಸ್ವರ ನಿಧಾನಕ್ಕೆ ಒರಟಾಗುತ್ತಾ ಹೋಗುತ್ತದೆ. ಆ ಒರಟು ಗಿಟಾರಿಗೆ ಚೆಂದ. ಮೈಕ್ ಸೆಟ್ಟಿನ ವಾಲ್ವ್ ಆಂಪ್ಲಿಫೈಯರಿಗೂ ಗಿಟಾರಿನದಕ್ಕೂ ಒಳಗಿನ ಕಟ್ಟಡ ಹೆಚ್ಚುಕಮ್ಮಿ ಒಂದೇ. ನನಗಂತೂ ನಿಧಿ ಸಿಕ್ಕಿದ ಹಾಗಾಯಿತು.

ತಿಪಟೂರಿನಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಮನೆಗೆ ಹೊತ್ತುಕೊಂಡು ಹೋದೆ. ಪ್ಲಗ್ ಹಾಕಲು ಹೊರಟವನ ಕೈ ಹಿಡಿದರು. ‘ಇಷ್ಟು ವರ್ಷ ಮಲಗಿದ್ದನ್ನ ಒಂದೇ ಸಲ ಎಬ್ಬಿಸ್ಬಾರ್ದು ಕಣಪ್ಪ.’ ಇವುಗಳ ಒಳಗೆ ನೂರಾರು ವೋಲ್ಟ್ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಆ ವಿದ್ಯುತ್ ಉಳಿದಿರುತ್ತದೆ, ಗೊತ್ತಿಲ್ಲದವರು ಕೈ ಹಾಕಿದರೆ ಜೀವಕ್ಕೇ ಅಪಾಯ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ನಡೆಸಲೂಬಾರದು. ಹೋಗುವ ದಾರಿ ಇಲ್ಲದ ಶಕ್ತಿ ತಿರುಗಿ ಬಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಸುಡಬಹುದು.

ಎರಡು ವಾರದಲ್ಲಿ ಕೆಪಾಸಿಟರುಗಳನ್ನು ಬದಲಿಸಿ ಎಬ್ಬಿಸಿದರು. ವಾಲ್ವುಗಳು ಕೆಂಪಗೆ ಬೆಳಗಿದವು. ಗಿಟಾರ್ ಹಾಕಿ ಮೀಟಿದೆ. ಬಂದದ್ದು ಕರಕರ, ಬರಬರ. ಇನ್ನಷ್ಟು ಜೋರು ಮಾಡಿದರೆ ಸರಿಹೋಗಬಹುದು ಅಂತ ವಾಲ್ಯೂಮ್ ತಿರುಗಿಸಿದೆ. ಅವರು ತಟ್ಟನೆ ಆಫ್ ಮಾಡಿದರು.

‘ಆಂಪ್ಲಿಫೈಯರ್ ಚೆನ್ನಾಗೈತೆ. ಹೋಗಿರೋದು ಸ್ಪೀಕರು. ಹರಿದಿರೋ ಕೋನಿಗೆ ವಾಲ್ಯೂಮ್ ಕೊಟ್ರೆ ಸದ್ದು ಜಾಸ್ತಿ ಆಗ್ತದೆ, ಮಾತು ಬರಲ್ಲ.’

ಒಂದರ ಕಾಗದದ ಕೋನನ್ನು ಇಲಿ ಕಡಿದಿತ್ತು. ಇನ್ನೊಂದನ್ನು ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ ಒತ್ತಿ ತೋರಿಸಿದರು. ಒಳಗೆ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುವ ಸದ್ದು. ಕೋನ್ ಹೊಸದಾಗಿ ಕಟ್ಟಿಸಬಹುದಿತ್ತು, ಆದರೆ ಅದಕ್ಕೆ ಸರಿಯಾದ ಸಾಮಾನು ಸಿಗಲಿಲ್ಲ. ತಾತನ ಕಾಲದ್ದೇ ಇರಲಿ ಅಂತ ನನ್ನ ಹಟ. ಅವರು ನಕ್ಕರು. ‘ಎತ್ತಿನಗಾಡಿ ಚಕ್ರದ ಪಟ್ಟಾ ಸವೆದ್ರೆ ನಿಮ್ಮ ತಾತ ಗಾಡಿ ಮೂಲೆಗಿಡ್ತಿದ್ರಾ?’

ಹಳೆಯವನ್ನು ಚೀಲದಲ್ಲಿ ಜೋಪಾನವಾಗಿಟ್ಟು, ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ ಎರಡು ಹೊಸ ಸ್ಪೀಕರ್ ತಂದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಮೂರು ವಿಷಯ ನೆನಪಿರಲಿ.

ಒಂದು, ಓಮ್ ಲೆಕ್ಕ. 8 ಓಮಿನ ಎರಡು ಸ್ಪೀಕರನ್ನು ಪ್ಯಾರಲಲ್ ಜೋಡಿಸಿದರೆ 4 ಓಮ್, ಸೀರೀಸ್ ಜೋಡಿಸಿದರೆ 16. ಆಂಪ್ಲಿಫೈಯರಿನ ಹಿಂದೆ ಬರೆದಿರುವುದಕ್ಕೆ ಅದು ಹೊಂದಬೇಕು.

ಎರಡು, ಸ್ಪೀಕರಿನ ಡೆಸಿಬೆಲ್. ವಾಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಇದನ್ನು ಕೇಳುವುದಿಲ್ಲ. ಒಂದು ವಾಟಿಗೆ 97 ಡೆಸಿಬೆಲ್ ಕೊಡುವ ಸ್ಪೀಕರ್ ತೆಗೆದು 100 ಕೊಡುವುದನ್ನು ಹಾಕಿದರೆ, ಆಂಪ್ಲಿಫೈಯರಿನ ವಾಟ್ ಎರಡರಷ್ಟು ಮಾಡಿದ್ದಕ್ಕೆ ಸಮ.

ಮೂರು, ಎರಡೂ ಕೋನ್ ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋದರೆ ದಪ್ಪ ಸ್ವರಗಳನ್ನು ಒಂದನ್ನೊಂದು ತಿಂದುಹಾಕುತ್ತವೆ. ಬಿಡಿ ಸ್ಪೀಕರಿಗೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿದರೆ ಸಾಕು, ಕೋನ್ ಯಾವ ಕಡೆ ಜಿಗಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಈ ಸೆಲ್ಲಿನ ಪರೀಕ್ಷೆ ಮಾಡಿದ್ದು ನಮ್ಮನೆ ಜಗಲಿಯಲ್ಲಿ, ಅಪ್ಪ ಸೆಲ್ ಹಿಡಿದಿದ್ದರು. ಕೋನ್ ಜಿಗಿದಾಗ ಮಗುವಿನ ಹಾಗೆ ನಕ್ಕರು. ಪೆಟ್ಟಿಗೆಗೆ ಸ್ಕ್ರೂ ಬಿಗಿದು ಆನ್ ಮಾಡಿ, ಗಿಟಾರ್ ಮೀಟಿದೆ. ಅಪ್ಪ ಹತ್ತಿರ ಬಂದು ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತರು. ‘ಗುಂ ಅಂತದೆ. ಚೆನ್ನಾಗೈತೆ.’

ಆಮೇಲೆ ಅಮ್ಮ ಮೈಕ್ ಹಿಡಿದು ತಮಾಷೆಗೆ, ‘ಏನ್ರೀ, ಕಾಫಿ ಕುಡೀತೀರಾ?’ ಅಂದರು. ದನಿ ಬೀದಿವರೆಗೆ ಕೇಳಿಸಿತು. ಪೆಟ್ಟಿಗೆಯ ಮುಂದೆಯೇ ನಿಂತಿದ್ದ ಅಪ್ಪ ನನ್ನ ಮುಖ ನೋಡಿದರು. ‘ಏನಂದ್ಲು?’

ಯಾರೂ ನಗಲಿಲ್ಲ.

ಎರಡು ವರ್ಷದಿಂದ ಅಪ್ಪನ ಹತ್ತಿರ ನಾವೆಲ್ಲ ಕೂಗಿಯೇ ಮಾತಾಡುತ್ತಿದ್ದೆವು. ಫೋನಿನಲ್ಲಿ ನಾನು ಎರಡನೇ ಸಲಕ್ಕೇ ಸಿಡುಕುತ್ತಿದ್ದೆ. ‘ಕಿವಿ ತೋರ್ಸಣ ಬಾ’ ಅಂದರೆ ಅಪ್ಪ, ‘ನಂಗೇನು ಕಿವುಡಾ? ನೀನು ಕೂಗೋದು ಕೇಳ್ತದಲ್ಲ’ ಅನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಹಿಂದಿನ ವರ್ಷ ಒಂದಷ್ಟು ಕಾಯಿ ಬೇಗ ಒಡೆದು, ಹಸಿ ಉಳಿದು, ಬೂಷ್ಟು ಬಂದು ಹರಾಜಿನಲ್ಲಿ ರೇಟು ಬಿದ್ದಾಗ ಅಪ್ಪ ಮಳೆಯನ್ನು ಬೈದಿದ್ದರು. ಅಟ್ಟದಲ್ಲಿ ಕಾಯಿ ನನ್ನ ಕೈಗೆ ಯಾಕೆ ಕೊಟ್ಟರು ಅಂತ ಈಗ ಹೊಳೆಯಿತು.

ಆ ರಾತ್ರಿ ಕೂಗದೆ, ಎದುರಿಗೆ ಕೂತು, ನಿಧಾನವಾಗಿ ಹೇಳಿದೆ. ‘ಅಪ್ಪಾ, ಆ ಸ್ಪೀಕರಿಗೆ ವಾಲ್ಯೂಮ್ ಕೊಟ್ಟಂಗೇ ನಾವು ನಿಂಗೆ ಕೂಗ್ತಾ ಇದ್ವಿ. ತಪ್ಪು ನಮ್ದು. ಏನು ಹೋಗೈತೆ ಅಂತ ನೋಡಿಸ್ಕೊಂಡು ಬರಣ.’ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಹೊಸ ಸ್ಪೀಕರು ಹಾಕ್ತಾರಾ?’

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಪರೀಕ್ಷೆಯ ಗೆರೆ ಎಡದಿಂದ ಬಲಕ್ಕೆ ಇಳಿಜಾರಾಗಿತ್ತು. ವಯಸ್ಸಾದಂತೆ ಮೊದಲು ಹೋಗುವುದು ತೆಳುವಾದ, ಎತ್ತರದ ಸ್ವರಗಳಂತೆ. ಅ, ಓ, ಊ ಅನ್ನೋ ಸ್ವರಗಳ ಶಕ್ತಿ ಕೆಳಗಿರುತ್ತದೆ, ಅವು ಕೇಳುತ್ತವೆ. ಸ, ಶ, ತ, ಕ ಇವುಗಳ ಗುರುತು ಸಿಗುವುದು ಮೇಲಿನ ಸದ್ದಿನಲ್ಲಿ, ಅವು ತಪ್ಪಿಹೋಗುತ್ತವೆ. ಹಾಗಾಗಿ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಶ್ರವಣ ಯಂತ್ರವನ್ನು ಹೋದ ಭಾಗಕ್ಕೆ ತಕ್ಕ ಹಾಗೆ ಹೊಂದಿಸುತ್ತಾರೆ. ಎಲ್ಲವನ್ನೂ ಒಂದೇ ಸಮ ಜೋರು ಮಾಡುವುದಿಲ್ಲ.

ಮೊದಲ ವಾರ ಅಪ್ಪ ಅದನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಓಡಾಡಿದರು. ತೆಂಗಿನ ಗರಿ ಸದ್ದೂ, ಪಾತ್ರೆ ಸದ್ದೂ ತಲೆ ಮೇಲೇ ಬಿದ್ದಂಗಾಗ್ತದೆ ಅಂತ ದೂರು. ರೂಢಿಯಾಗಲು ಕೆಲವು ವಾರ ಬೇಕು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಅಂತ ಸಂಸ್ಥೆಯವರು ಹೇಳಿದ್ದರು. ಅದೇ ದಿನಗಳಲ್ಲಿ ನನ್ನ ಸ್ಪೀಕರೂ ಬಿಗಿಯಾಗಿಯೇ ಹಾಡುತ್ತಿತ್ತು. ಹೊಸ ಕೋನ್ ಸಡಿಲವಾಗಲು ಗಂಟೆಗಟ್ಟಲೆ ನುಡಿಸಬೇಕು. ಸಂಜೆ ನಾನು ಗಿಟಾರ್ ಹಿಡಿದರೆ ಅಪ್ಪ ಯಂತ್ರ ಹಾಕಿಕೊಂಡು ಎದುರಿಗೆ ಕೂರುತ್ತಿದ್ದರು. ಯಾರು ಯಾರಿಗೆ ಅಭ್ಯಾಸ ಮಾಡಿಸುತ್ತಿದ್ದೆವೋ ಗೊತ್ತಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಮತ್ತೆ ಅಟ್ಟ ಹತ್ತಿದೆವು. ನಾನೊಂದು ಕಾಯಿ ಅಲ್ಲಾಡಿಸಿ, ‘ಇದಾಗೈತೆ ಅಪ್ಪಾ’ ಅಂದೆ. ಅಪ್ಪ ಅದನ್ನು ಇಸ್ಕೊಂಡು, ಯಂತ್ರವಿದ್ದ ಕಿವಿಯ ಹತ್ತಿರ ತಂದು, ಎರಡು ಸಲ ಅಲ್ಲಾಡಿಸಿದರು.

‘ಇಲ್ಲ ಕಣ್ಲಾ. ಒಳಗಿನ್ನೂ ನೀರೈತೆ. ಇಟ್ಬಿಡು.’