ಕಣ್ಣು ಎಲ್ಲಿರಬೇಕು?

ಪೂಲ್ ಆಟವನ್ನು ಬಲ್ಲವರು ಬಲ್ಲರು. ಬಟ್ಟೆ ಹೊದಿಸಿದ ಮೇಜು, ಉದ್ದನೆಯ ಕೋಲು, ಒಂದು ಬಿಳಿಯ ಚೆಂಡು. ಕೋಲಿನಿಂದ ಆ ಬಿಳಿಯದನ್ನು ತಿವಿಯಬೇಕು. ಅದು ಹೋಗಿ ತಾಗಿದ ಬಣ್ಣದ ಚೆಂಡು ಕುಳಿಗೆ ಬೀಳಬೇಕು. ಕೇರಂ ಆಡಿದವರಿಗೆ ಇಷ್ಟು ಹೇಳಿದರೆ ಸಾಕು. ಆದರೆ ತಿವಿಯುವ ಆ ಕ್ಷಣದಲ್ಲಿ ಕಣ್ಣು ಎಲ್ಲಿರಬೇಕು? ಬಿಳಿಯದರ ಮೇಲೋ, ಬಣ್ಣದ್ದರ ಮೇಲೋ?

ನಾವಿರುವುದು ಶಿವಮೊಗ್ಗದಲ್ಲಿ. ಮಗ ಇಲ್ಲಿಯೇ ಇಂಜಿನಿಯರಿಂಗ್ ಓದುತ್ತಾನೆ. ಸಂಜೆ ಪೂಲ್ ಆಡುತ್ತಾನೆ. ನಮ್ಮ ಜೊತೆಗಿರುವ ನನ್ನ ಮಾವನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರ ಲೆಕ್ಕದಲ್ಲಿ ಇದು ಪೋಲಿಗಳ ಆಟ. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ, 18ರ ಹರೆಯದಲ್ಲಿ, ಚೀನಕ್ಕೆ ಹೋಗಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದುಬಂದ ಕಥೆಯನ್ನು ಹೇಳಿನೋಡಿದೆ. “ಗೆದ್ದವನು ಒಬ್ಬ, ಓದು ಕೆಟ್ಟವರು ಎಷ್ಟು ಜನ?” ಎಂದರು. ತಾತ ಮೊಮ್ಮಗನಿಗೆ ಮಾತು ನಿಂತು ಎರಡು ತಿಂಗಳಾಯಿತು.

ಒಂದು ಭಾನುವಾರ ಮಗ ಈ ಕಣ್ಣಿನ ಪ್ರಶ್ನೆಯನ್ನು ನನ್ನ ಮುಂದಿಟ್ಟ. ಕನ್ನಡ ಮೇಷ್ಟರು ಇನ್ನೇನು ಹೇಳಿಯಾನು? ದ್ರೋಣರು ಒಡ್ಡಿದ ಪರೀಕ್ಷೆ, ಅರ್ಜುನನಿಗೆ ಕಂಡ ಹಕ್ಕಿಯ ಕಣ್ಣು—ಎಲ್ಲವನ್ನೂ ವಿಸ್ತರಿಸಿದೆ.

“ಅಪ್ಪ, ಅರ್ಜುನನ ಬಾಣ ನೇರ ಹಕ್ಕಿಗೇ ಹೋಯಿತು. ನಾನು ಒಂದು ಹಕ್ಕಿಯಿಂದ ಇನ್ನೊಂದು ಹಕ್ಕಿಯನ್ನು ಹೊಡೆಯಬೇಕು!”

ಪತ್ರಿಕೆಯ ಮರೆಯಿಂದ ಮಾವನವರ ದನಿ ಬಂತು: “ಉಳಿಯಿಟ್ಟು ಕಬ್ಬಿಣ ಕಡಿಯುವಾಗ ಸುತ್ತಿಗೆ ಬೀಳುವುದು ಉಳಿಯ ತಲೆಗೆ. ಹೊಸಬ ಆ ತಲೆಯನ್ನೇ ನೋಡುತ್ತಾನೆ. ಕೈಗೆ ಏಟು ಬಿದ್ದೀತೆಂಬ ಭಯ. ಪಳಗಿದವನು ಉಳಿಯ ಬಾಯಿಯನ್ನು ನೋಡುತ್ತಾನೆ. ಕೆಲಸ ನಡೆಯುವುದು ಅಲ್ಲಿ.”

ಹುಡುಗ ಅತ್ತ ತಿರುಗಿದ. “ಸುತ್ತಿಗೆ ತಪ್ಪುವುದಿಲ್ಲವೇ ತಾತ?”

“ನಿಲುವು ಸರಿಯಿದ್ದರೆ ತಪ್ಪದು. ಕೈಯನ್ನು ನಂಬಬೇಕು ಕಣೋ.”

ನುರಿತ ಆಟಗಾರರಲ್ಲಿ ಹೆಚ್ಚಿನವರು ಮಾಡುವುದೂ ಇದನ್ನೇ. ಕುಳಿಯಿಂದ ಬಣ್ಣದ ಚೆಂಡಿನ ನಡುವಿನ ಮೂಲಕ ಮನಸ್ಸಿನಲ್ಲೇ ಗೆರೆ ಎಳೆದರೆ, ಅದು ಚೆಂಡಿನ ಹಿಂಬದಿಯಲ್ಲಿ ಹೊರಬೀಳುವ ಬಿಂದುವೇ ಗುರಿ. ಬಿಳಿಯ ಚೆಂಡು ಅಲ್ಲಿ ಬಂದು ತಾಗಬೇಕು. ಈ ಲೆಕ್ಕವೆಲ್ಲ ನಿಂತಾಗಲೇ ಮುಗಿಯಬೇಕು. ಬಾಗಿದ ಮೇಲೆ ಕೋಲನ್ನು ಎರಡು ಮೂರು ಸಲ ಹಿಂದೆ ಮುಂದೆ ಆಡಿಸುತ್ತ, ಅದರ ತುದಿ ಬಿಳಿಯದರ ನಡುವಿಗೆ ನೆಟ್ಟಿದೆಯೇ ಎಂದು ಕಣ್ಣು ನೋಡಿಕೊಳ್ಳುತ್ತದೆ. ಕೊನೆಗೆ ಬಣ್ಣದ ಚೆಂಡಿನ ಮೇಲೆ ನಿಲ್ಲುತ್ತದೆ. ನಿಂತ ಮೇಲೆ ಕೈ ಚಲಿಸುತ್ತದೆ. ಬಿಳಿಯ ಚೆಂಡು ಮೇಜಿನ ಅಂಚಿಗೆ ಅಂಟಿಕೊಂಡಿದ್ದರೆ ಮಾತು ಬೇರೆ: ಆಗ ಕೋಲಿಗೆ ಸಿಗುವ ಜಾಗವೇ ಚೂರು, ಅದಕ್ಕೇ ಅನೇಕರು ಕಡೆಯ ನೋಟವನ್ನು ಬಿಳಿಯದಕ್ಕೇ ಕೊಡುತ್ತಾರೆ.

ಹೊಡೆತಕ್ಕೆ ಮುಂಚಿನ ಈ ಅಲುಗದ ನೋಟಕ್ಕೆ ಕೆನಡಾದ ಜೋನ್ ವಿಕರ್ಸ್ ಎಂಬ ವಿದುಷಿ ‘ಶಾಂತ ದೃಷ್ಟಿ’ ಎಂಬರ್ಥದ ಹೆಸರಿಟ್ಟಿದ್ದಾರೆ. ಬಿಲಿಯರ್ಡ್ಸ್ ಆಟಗಾರರನ್ನು ಕುರಿತು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನುರಿತವರ ಕಣ್ಣು ಉಳಿದವರದಕ್ಕಿಂತ ಹೆಚ್ಚು ಹೊತ್ತು ಹಾಗೆ ನಿಲ್ಲುತ್ತಿತ್ತು. ಹೊಡೆತ ಕಠಿಣವಾದಷ್ಟೂ ನೋಟ ದೀರ್ಘವಾಗುತ್ತಿತ್ತು.

ಕಣ್ಣನ್ನು ಹತ್ತಿರಕ್ಕೆ ಕಟ್ಟಿಹಾಕುವುದು ಭಯ. ಹೊಸ ಅಧ್ಯಾಪಕ ಟಿಪ್ಪಣಿಯಿಂದ ತಲೆಯೆತ್ತುವುದಿಲ್ಲ. ಪಾಠ ಮುಟ್ಟಬೇಕಾದವರು ಎದುರಿನ ಬೆಂಚಿನಲ್ಲಿರುತ್ತಾರೆ. ಸಿದ್ಧತೆಯೆಲ್ಲ ಹತ್ತಿರದ್ದು, ಕೆಲಸ ಆಚೆಯದು.

ಮಾವನವರು ಆಟವನ್ನು ಒಪ್ಪಿದ್ದಾರೆಂದು ಹೇಳಲಾರೆ. ಆದರೆ ಮೊಮ್ಮಗ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ, “ಉಳಿಯ ಬಾಯಿ ನೋಡಿದೆಯೇನೋ?” ಎಂದು ಕೇಳುವುದನ್ನು ಮರೆಯುವುದಿಲ್ಲ.