ಹಾಲು ಉಕ್ಕುವುದನ್ನು ನೋಡುತ್ತಿದ್ದವಳು

ತುಂಟ ಮಕ್ಕಳನ್ನು ಬಯ್ಯಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಕೋತಿ, ಬಾಲ ಒಂದಿಲ್ಲ ಅಷ್ಟೆ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ. ಈ ಬಯ್ಗುಳಗಳಲ್ಲಿ ಅರ್ಧ ಮುದ್ದೇ ಇರುತ್ತದೆ. ಸುಮ್ಮನೆ ಕೂತು ಎಲ್ಲೋ ನೋಡುವ ಮಗುವಿಗೆ ಮೀಸಲಾದ ಮಾತುಗಳು ಬೇರೆ: ಮಂಕು, ಮರೆಗುಳಿ, ಮೈಗಳ್ಳಿ, ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಇವುಗಳಲ್ಲಿ ಮುದ್ದು ಕಡಿಮೆ. ನಮ್ಮ ಅಣ್ಣನ ಮನೆಯಲ್ಲಿ ಎರಡೂ ಬಗೆಯ ಮಾತುಗಳು ಒಂದೇ ಸೂರಿನಡಿ ಬಳಕೆಯಲ್ಲಿದ್ದವು. ಮೊದಲನೆಯವು ಮಗನಿಗೆ, ಎರಡನೆಯವು ಅವನಿಗಿಂತ ನಾಲ್ಕು ವರ್ಷ ದೊಡ್ಡವಳಾದ ಮಗಳಿಗೆ.

ಹುಡುಗನದು ಎಲ್ಲರಿಗೂ ಕಾಣುವ, ಕೇಳಿಸುವ ತೊಂದರೆ. ಒಂದನೆಯ ತರಗತಿಯಲ್ಲೇ ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ. ಮಿಸ್ಸು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತಿದ್ದ. ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರುವ ತನಕ ಅವನು ಕೂತದ್ದನ್ನು ನಮ್ಮ ನೆಂಟರಲ್ಲಿ ಯಾರೂ ಕಂಡಿಲ್ಲ. ವಾರಕ್ಕೆರಡು ಸಲ ಶಾಲೆಯಿಂದ ಫೋನ್ ಬರುತ್ತಿತ್ತು. ಆ ಫೋನುಗಳ ಕಾಟಕ್ಕೇ ಅಣ್ಣ ಅತ್ತಿಗೆ ಅವನನ್ನು ಮಕ್ಕಳ ಮನೋವೈದ್ಯರ ಬಳಿ ಕರೆದುಕೊಂಡು ಹೋದರು. ಎಡಿಎಚ್‌ಡಿ ಎಂದು ಗೊತ್ತಾದಾಗ ಅವನಿಗೆ ಏಳು ವರ್ಷ.

ಅಕ್ಕನ ಬಗ್ಗೆ ಶಾಲೆಯಿಂದ ಒಂದೇ ಒಂದು ಫೋನ್ ಬರಲಿಲ್ಲ. ಪ್ರತಿ ವರ್ಷದ ಪ್ರಗತಿ ಪತ್ರದಲ್ಲೂ ಬೇರೆ ಬೇರೆ ಕೈಬರಹದಲ್ಲಿ ಒಂದೇ ಸಾಲು ಇರುತ್ತಿತ್ತು: ಒಳ್ಳೆಯ ಹುಡುಗಿ, ಇನ್ನಷ್ಟು ಗಮನ ಕೊಡಬೇಕು.

ನಾನು ಶಿವಮೊಗ್ಗದಲ್ಲಿ, ಅಣ್ಣನ ಮನೆಯಿಂದ ಎರಡು ರಸ್ತೆ ಆಚೆ, ಹೈಸ್ಕೂಲು ಮಕ್ಕಳಿಗೆ ಗಣಿತದ ಮನೆಪಾಠ ಹೇಳುತ್ತೇನೆ. ಎಂಟನೆಯ ತರಗತಿಗೆ ಬಂದ ಮೇಲೆ ಅವಳೂ ಸಂಜೆ ಬರತೊಡಗಿದಳು. ಬೀಜಗಣಿತದ ಲೆಕ್ಕದ ಮೊದಲ ನಾಲ್ಕು ಸಾಲು ಅಚ್ಚುಕಟ್ಟು. ಐದನೆಯ ಸಾಲಿಗೆ ಇಳಿಯುವಾಗ ಮೈನಸ್ ಚಿಹ್ನೆ ಮೇಲೆಯೇ ಉಳಿದುಬಿಡುತ್ತಿತ್ತು. ಏಳನೆಯ ಪ್ರಶ್ನೆ ಎಂದು ಬರೆದು, ಎಂಟನೆಯದರ ಸಂಖ್ಯೆಗಳನ್ನು ಇಳಿಸಿಕೊಂಡು, ಅದನ್ನು ಸರಿಯಾಗಿಯೇ ಬಿಡಿಸಿರುತ್ತಿದ್ದಳು. ಲೆಕ್ಕ ಗೊತ್ತಿಲ್ಲದ ಮಗುವಿನ ತಪ್ಪು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತದೆ. ಇವಳದು ದಿನಕ್ಕೊಂದು ಜಾಗದಲ್ಲಿ. ನನಗೆ ಅನುಮಾನ ಬಂದದ್ದು ಅಲ್ಲಿ.

ಅದೇ ದಿನಗಳಲ್ಲಿ ಅತ್ತಿಗೆ ಹೇಳಿದ್ದು: ಒಲೆಯ ಮೇಲೆ ಹಾಲಿಟ್ಟು, "ನೋಡ್ಕೊಂಡಿರು" ಎಂದು ಅವಳಿಗೆ ಹೇಳಿ ಹಿತ್ತಲಿಗೆ ಹೂ ಕೊಯ್ಯಲು ಹೋಗಿದ್ದರಂತೆ. ಬಂದು ನೋಡಿದರೆ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದಿತ್ತು. ಅವಳು ಆಟಕ್ಕೋ ಟೀವಿಗೋ ಹೋಗಿರಲಿಲ್ಲ. ಒಲೆಯ ಎದುರೇ ನಿಂತಿದ್ದಳು. "ನೋಡ್ತಾನೇ ಇದ್ದೆ ಅಮ್ಮ. ಮೊದಲು ಅಂಚಲ್ಲಿ ಕೆನೆ ಸುಕ್ಕಾಗುತ್ತೆ, ಆಮೇಲೆ ನಡುವೆ ಉಬ್ಬುತ್ತೆ" ಎಂದಳಂತೆ. ಅತ್ತಿಗೆಗೆ ಅದು ಉಡಾಫೆ ಅನಿಸಿತು. ನನಗೆ ಹಾಗನಿಸಲಿಲ್ಲ. ಅವಳಷ್ಟು ಗಮನವಿಟ್ಟು ಹಾಲನ್ನು ನೋಡಿದವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಾರರು. ಒಲೆ ಆರಿಸುವುದೊಂದು ಮಾತ್ರ ಆ ಗಮನದೊಳಗೆ ಇರಲಿಲ್ಲ.

ಎಡಿಎಚ್‌ಡಿಯನ್ನು 'ಗಮನದ ಕೊರತೆ' ಎಂದು ಅನುವಾದಿಸುತ್ತಾರೆ. ಆ ಹೆಸರೇ ಅರ್ಧ ಗೊಂದಲಕ್ಕೆ ಮೂಲ. ಈ ಹುಡುಗಿ ಯುಗಾದಿಯ ಮುಂಜಾನೆ ಅಂಗಳದಲ್ಲಿ ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಎರಡು ಗಂಟೆ ಕೂತು, ಒಂದು ಎಳೆಯೂ ತಪ್ಪದೆ ಹಾಕುತ್ತಾಳೆ. "ರಂಗೋಲಿಗೆ ಬರೋ ಗಮನ ಲೆಕ್ಕಕ್ಕೆ ಯಾಕೆ ಬರಲ್ಲ?" ಎಂದು ಕೇಳದ ನೆಂಟರಿಲ್ಲ. ನ್ಯಾಯವಾದ ಪ್ರಶ್ನೆಯಂತೆಯೇ ಕೇಳಿಸುತ್ತದೆ. ಆದರೆ ಈ ಮಕ್ಕಳಲ್ಲಿ ಗಮನ ಇರುತ್ತದೆ. ಅದನ್ನು ಬೇಕಾದಾಗ ಬೇಕಾದ ಕಡೆ ತಿರುಗಿಸುವುದು, ಬೇಸರದ ಕೆಲಸದ ಮೇಲೆ ನಿಲ್ಲಿಸುವುದು, ಸಾಕೆನಿಸಿದಾಗ ಎತ್ತಿಕೊಳ್ಳುವುದು ಅವರ ಕೈಯಲ್ಲಿರುವುದಿಲ್ಲ. ಇಷ್ಟದ ಕೆಲಸ ಹಿಡಿದಿಟ್ಟುಕೊಂಡುಬಿಡುತ್ತದೆ. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವವರು ಈ ರಂಗೋಲಿಯನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ.

ಎಲ್ಲ ಮಕ್ಕಳಲ್ಲೂ ಇದು ಒಂದೇ ಥರ ಇರುತ್ತದೆ ಎಂದೂ ಅಲ್ಲ. ನನ್ನ ಚಾಪೆಯ ಮೇಲೆ ಕೂತು ಕಲಿತವರಲ್ಲಿ ಇನ್ನಿಬ್ಬರಿಗೆ ಆಮೇಲೆ ಇದೇ ಹೆಸರು ಸಿಕ್ಕಿತು. ಒಬ್ಬ ಹುಡುಗ ಕನಸು ಕಾಣುವವನಲ್ಲ, ಬರೀ ನಿಧಾನ. ಉಳಿದವರು ಹತ್ತು ಲೆಕ್ಕ ಮುಗಿಸುವ ಹೊತ್ತಿಗೆ ಅವನು ಜಾಮಿಟ್ರಿ ಬಾಕ್ಸ್ ತೆರೆದು, ಪೆನ್ಸಿಲ್ ಕೆತ್ತಿ, ತಾರೀಖು ಬರೆದಿರುತ್ತಿದ್ದ. ಗಂಡುಹುಡುಗ ಗಲಾಟೆ ಮಾಡಿಲ್ಲವೆಂದರೆ ಅವನಿಗೆ ತೊಂದರೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಸೋಮಾರಿ ಎಂದು ಷರಾ ಬರೆದು ಮುಗಿಸುತ್ತಾರೆ. ಇನ್ನೊಬ್ಬಳು ಬಾಯಿ ಬಿಟ್ಟರೆ ನಿಲ್ಲಿಸದ ಮಾತುಗಾತಿ. ಏಳನೆಯ ತರಗತಿಯವರೆಗೆ ತೊಂಬತ್ತರ ಮೇಲೆಯೇ ಅಂಕ, ಯಾಕೆಂದರೆ ಅವಳ ತಾಯಿ ಚೀಲ ಜೋಡಿಸಿ, ಡೈರಿ ನೋಡಿ, ಪಕ್ಕದಲ್ಲೇ ಕೂತು ಓದಿಸುತ್ತಿದ್ದರು. ಹೈಸ್ಕೂಲಿನಲ್ಲಿ ಆರು ವಿಷಯಕ್ಕೆ ಆರು ಟೀಚರು, ಆರು ನೋಟ್ಸು, ಪ್ರಾಜೆಕ್ಟು. ತಾಯಿಯ ಕೈಗೆ ಸಿಗದಷ್ಟಾದ ಮೇಲೆ ಒಂದೇ ವರ್ಷದಲ್ಲಿ ಐವತ್ತಕ್ಕೆ ಇಳಿದಳು. ಮೂರನೆಯ ಒಬ್ಬ ಹುಡುಗ ಇವರಂತೆಯೇ ಕಾಣುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಮಧ್ಯಕಿವಿಯಲ್ಲಿ ನೀರು ತುಂಬಿತ್ತು! ಚಿಕಿತ್ಸೆಯಾದ ಮೇಲೆ ಅವನ ಗಮನಕ್ಕೆ ಏನೂ ಕೊರತೆಯಿರಲಿಲ್ಲ. ಹಾಗಾಗಿ ಎಲ್ಲೋ ನೋಡುವ ಮಗುವನ್ನೆಲ್ಲ ಎಡಿಎಚ್‌ಡಿ ಎಂದು ಕರೆಯುವವರ ಗುಂಪಿಗೂ ನಾನು ಸೇರುವುದಿಲ್ಲ.

ಅನುಮಾನ ಬಂದ ಮೇಲೆ ಒಂದಿಷ್ಟು ಓದಿದೆ. ಈ ವಿಷಯದ ಚರಿತ್ರೆ ಬರೆಯುವವರು ಆಗಾಗ ಒಂದು ಮಕ್ಕಳ ಪುಸ್ತಕದ ಹೆಸರು ಹೇಳುತ್ತಾರೆ. ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಖ್ ಹಾಫ್‌ಮನ್ 1840ರ ದಶಕದಲ್ಲಿ ಬರೆದು ಚಿತ್ರ ಬಿಡಿಸಿದ 'ಸ್ಟ್ರುವೆಲ್‌ಪೀಟರ್'. ಅದರಲ್ಲಿ ಊಟದ ಮೇಜಿನ ಮುಂದೆ ಕುರ್ಚಿ ತೂಗಾಡಿಸಿ, ಮೇಜುವಸ್ತ್ರ ಹಿಡಿದೆಳೆದು ಎಲ್ಲವನ್ನೂ ಕೆಡವುವ ಫಿಲಿಪ್ ಇದ್ದಾನೆ. ಆಕಾಶ ನೋಡುತ್ತಾ ನಡೆದು ನೀರಿಗೆ ಬೀಳುವ ಹಾನ್ಸ್ ಕೂಡ ಇದ್ದಾನೆ. ಹೆಚ್ಚು ಪ್ರಸಿದ್ಧನಾದವನು ಫಿಲಿಪ್. ವೈದ್ಯಶಾಸ್ತ್ರವೂ ಬಹುಕಾಲ ಅವನ ಹಿಂದೆಯೇ ಓಡಿತು. ಅಮೆರಿಕದ ಮನೋವೈದ್ಯರ ಕೈಪಿಡಿ 1968ರಲ್ಲಿ ಇದಕ್ಕೆ ಕೊಟ್ಟ ಹೆಸರಿನಲ್ಲಿ ಇದ್ದದ್ದು ಅತಿಚಟುವಟಿಕೆ ಮಾತ್ರ. 1980ರಲ್ಲಿ ಗಮನದ ತೊಂದರೆ ಮುಂದೆ ಬಂತು, ಅತಿಚಟುವಟಿಕೆ ಇಲ್ಲದೆಯೂ ಅದು ಇರಬಹುದೆಂದು ಒಪ್ಪಿದರು. 1987ರಲ್ಲಿ ಮತ್ತೆ ಎಲ್ಲವನ್ನೂ ಕಲಸಿದರು. 1994ರಲ್ಲಿ ಮತ್ತೆ ಬೇರೆ ಮಾಡಿದರು. 2013ರಿಂದ ಈಚೆಗೆ 'ಬಗೆ' ಎನ್ನುವ ಬದಲು 'ಕಾಣಿಸಿಕೊಳ್ಳುವ ರೂಪ' ಎನ್ನುವ ಅರ್ಥದ ಪದ ಬಳಸುತ್ತಾರೆ, ಯಾಕೆಂದರೆ ಒಂದೇ ಮಗುವಿನಲ್ಲಿ ವಯಸ್ಸಾದಂತೆ ರೂಪ ಬದಲಾಗಬಹುದು. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಹಾನ್ಸ್‌ನ ರೂಪ. ಮನೆ ಮನೆ ಸಮೀಕ್ಷೆಯಲ್ಲಿ ಸಿಗುವುದಕ್ಕಿಂತ ಕ್ಲಿನಿಕ್ಕಿಗೆ ಬರುವವರಲ್ಲಿ ಗಂಡುಮಕ್ಕಳ ಪಾಲು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಅಣ್ಣನಿಗೆ ಹೇಳಿದೆ. ಅವನು ನಕ್ಕ. "ಎಡಿಎಚ್‌ಡಿ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವೇನೇ? ಮನೇಲೇ ಒಂದಿದೆಯಲ್ಲ. ಇವಳು ಬೊಂಬೆ ಥರ ಕೂತಿರ್ತಾಳೆ." ಒಂದು ಫೈಲು ಕಪಾಟಿನಲ್ಲಿ ಆಗಲೇ ಇದ್ದುದೇ ಇನ್ನೊಂದಕ್ಕೆ ಅಡ್ಡಿಯಾಗಿತ್ತು. ಇದು ಕುಟುಂಬಗಳಲ್ಲಿ ಹರಿದು ಬರುವಂಥದ್ದು, ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಇರುವ ಸಾಧ್ಯತೆ ಹೆಚ್ಚು ಎಂದು ಮಗನ ವೈದ್ಯರ ಬಾಯಲ್ಲೇ ಹೇಳಿಸಬೇಕಾಯಿತು. ಅಷ್ಟು ಹೊತ್ತಿಗೆ ಅವಳು ಒಂಬತ್ತನೆಯ ತರಗತಿ.

ರಕ್ತಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಇದು ಸಿಗುವುದಿಲ್ಲ. ವೈದ್ಯರು ಕಿವಿ, ನಿದ್ದೆ, ಹಿಮೋಗ್ಲೋಬಿನ್ ವಿಚಾರಿಸಿದರು. ಮಧ್ಯೆ ಮಧ್ಯೆ ಶೂನ್ಯ ನೋಡುವಾಗ ಮುಟ್ಟಿ ಕರೆದರೆ ತಿರುಗುತ್ತಾಳಾ ಎಂದು ಕೇಳಿದರು. ಕೆಲವು ಕ್ಷಣ ಮಾತ್ರ ಬಂದುಹೋಗುವ ಒಂದು ಬಗೆಯ ಮೂರ್ಛೆಯೂ ಹಗಲುಗನಸಿನಂತೆಯೇ ಕಾಣುತ್ತದಂತೆ. ಅದಿದ್ದರೆ ಮುಟ್ಟಿದರೂ ಎಚ್ಚರವಾಗದು. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಆರಾದರೂ ಆರು ತಿಂಗಳು ಇರಬೇಕು, ಮನೆ ಶಾಲೆ ಎರಡೂ ಕಡೆ ಕಾಣಬೇಕು, ಹನ್ನೆರಡು ವರ್ಷದೊಳಗೇ ಕೆಲವು ಶುರುವಾಗಿರಬೇಕು. ಈ ಕೊನೆಯದಕ್ಕೆ ಪುರಾವೆ ಎಲ್ಲಿಂದ ತರುವುದು? ಅತ್ತಿಗೆ ಟ್ರಂಕಿನಿಂದ ಹಳೆಯ ಪ್ರಗತಿ ಪತ್ರಗಳನ್ನು ತೆಗೆದರು. ಎರಡನೆಯ ತರಗತಿಯಿಂದಲೂ ಅದೇ ಸಾಲು. ಆರೇಳು ಜನ ಟೀಚರು ವರ್ಷವರ್ಷವೂ ಬರೆದು ಸಹಿ ಮಾಡಿದ್ದರು. ಓದಿದವರು ಮಾತ್ರ ಯಾರೂ ಇರಲಿಲ್ಲ.

ಅಂದು ಸಂಜೆ ನನ್ನ ಮನೆಗೆ ಬಂದವಳು ಮೊದಲು ಕೇಳಿದ್ದು: "ಅತ್ತೆ, ನಾನು ಸುಳ್ಳು ಹೇಳ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತಲ್ಲ?" ಹೋಂವರ್ಕ್ ಮಾಡಿದ್ದೆ, ಮನೆಯಲ್ಲೇ ಮರೆತೆ ಎಂದರೆ ಶಾಲೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅಂಕಗಳು ಅವಳನ್ನು ಅಷ್ಟು ಕಾಡಿರಲಿಲ್ಲ. ಸುಳ್ಳುಗಾತಿ ಎಂಬ ಹೆಸರು ಕಾಡಿತ್ತು. ರಾತ್ರಿ ಮಲಗುವ ಮೊದಲು ಚೀಲವನ್ನು ನಾಲ್ಕೈದು ಸಲ ತೆಗೆದು ನೋಡುತ್ತಾಳೆಂದು ಅತ್ತಿಗೆ ಹೇಳಿದ್ದು ಆಗ ಅರ್ಥವಾಯಿತು.

ಮಗನಿಗೆ ಮಾತ್ರೆ ಶುರುಮಾಡಲು ಅಣ್ಣ ಎರಡು ದಿನ ಯೋಚಿಸಿದ್ದ. ಮಗಳ ವಿಷಯದಲ್ಲಿ ಎರಡು ತಿಂಗಳು. ಕಾರಣ ಕೇಳಿದರೆ ತಡವರಿಸಿ, "ಹೆಣ್ಣುಮಗು. ನಾಳೆ ಗಂಡಿನ ಕಡೆಯವರಿಗೆ ಗೊತ್ತಾದ್ರೆ?" ಅಂದ. ಹದಿನಾಲ್ಕು ವರ್ಷದ ಮಗುವಿನ ಓದನ್ನು ಇನ್ನೂ ಹುಟ್ಟದ ಸಂಬಂಧಕ್ಕೆ ಅಡವಿಡುವ ಈ ಲೆಕ್ಕ ನನಗೆ ಯಾವತ್ತೂ ಹಿಡಿಸಿಲ್ಲ. ಜಗಳವಾಡಿದೆವು. ಕೊನೆಗೆ ಒಪ್ಪಿಸಿದವರು ವೈದ್ಯರು. ತಮ್ಮನಿಗೆ ಕೊಟ್ಟ ಮೀಥೈಲ್‌ಫೆನಿಡೇಟನ್ನೇ ಕಡಿಮೆ ಪ್ರಮಾಣದಲ್ಲಿ ಶುರುಮಾಡಿದರು. ಪವಾಡವೇನೂ ಆಗಲಿಲ್ಲ. ಮಧ್ಯಾಹ್ನ ಹಸಿವು ಕಮ್ಮಿಯಾಗಿ ಡಬ್ಬಿ ಅರ್ಧ ಹಾಗೇ ಬರುತ್ತಿತ್ತು, ಊಟದ ಹೊತ್ತನ್ನೇ ಬದಲಿಸಬೇಕಾಯಿತು. ಕೊಡೆ ಈಗಲೂ ಕಳೆಯುತ್ತಾಳೆ. "ಮಿಸ್ಸು ಹೇಳೋ ವಾಕ್ಯ ಪೂರ್ತಿ ಕೇಳುತ್ತೆ ಅತ್ತೆ, ಕೊನೆ ತನಕ" ಎಂದಳು. ಎಂಟು ವರ್ಷ ಅವಳು ಅರ್ಧ ವಾಕ್ಯಗಳಲ್ಲಿ ಪಾಠ ಕಲಿತಿದ್ದಳು ಎಂದು ನಾನು ಅಲ್ಲಿಯ ತನಕ ಹಾಗೆ ಯೋಚಿಸಿರಲಿಲ್ಲ.

ಶಾಲೆಯಲ್ಲಿ ಮೊದಲು, "ಇಷ್ಟು ಸೈಲೆಂಟ್ ಹುಡುಗಿಗೆ ಎಂಥ ಎಡಿಎಚ್‌ಡಿ?" ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯ ಹೆಸರಿದೆ, ಎಡಿಎಚ್‌ಡಿಯ ಹೆಸರಿಲ್ಲ. ಹಾಗಾಗಿ ಕೇಳಿಕೊಂಡದ್ದೆಲ್ಲ ಅವರ ಮನಸ್ಸಿಗೆ ಬಿಟ್ಟದ್ದು. ಕಿಟಕಿ ಪಕ್ಕದಿಂದ ಎರಡನೆಯ ಬೆಂಚಿಗೆ ಬಂದಳು. ಕ್ಲಾಸ್ ಟೀಚರು ಹೊರಡುವ ಮುನ್ನ ಒಮ್ಮೆ ಅವಳ ಡೈರಿ ನೋಡುತ್ತಾರೆ. ಅಷ್ಟಕ್ಕೇ ಬಹಳ ವ್ಯತ್ಯಾಸವಾಯಿತು.

ನೆಂಟರ ಮುಂದೆ ಅಣ್ಣ ಅದನ್ನು ವಿಟಮಿನ್ ಮಾತ್ರೆ ಎಂದೇ ಹೇಳಿಕೊಂಡು ಬಂದ. ಈ ಸಲ ಗೌರಿ ಹಬ್ಬಕ್ಕೆ ಮನೆ ತುಂಬ ಜನ. ಬೆಳಗಿನ ತಿಂಡಿಯ ಹೊತ್ತಿಗೆ ಅವಳು ಮಾತ್ರೆ ನುಂಗುವುದನ್ನು ಯಾರೋ ಕೇಳಿದರು, ಅಣ್ಣ ವಿಟಮಿನ್ ಎಂದ. ತೂಗುಮಣೆಯ ಮೇಲಿಂದ ತಮ್ಮ ಕೂಗಿದ: "ಅದು ವಿಟಮಿನ್ ಅಲ್ಲ, ನನ್ ಮಾತ್ರೆನೇ! ಅಕ್ಕಂಗೂ ಎಡಿಎಚ್‌ಡಿ ಇದೆ, ನಂದು ಜಿಗಿಯೋದು, ಅವಳದ್ದು ಜಿಗಿಯದೇ ಇರೋದು!" ನಡುಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ದೊಡ್ಡಮ್ಮ ಕಾಫಿ ಲೋಟ ಕೆಳಗಿಟ್ಟು, ಮೆಲ್ಲಗೆ, "ನಮ್ಮ ಮೊಮ್ಮಗಳೂ ಹೀಗೇ ಎಲ್ಲೋ ನೋಡ್ತಾ ಕೂತಿರ್ತಾಳಪ್ಪ. ಆ ಡಾಕ್ಟರ ನಂಬರ್ ಇದೆಯಾ?" ಎಂದು ಕೇಳಿದರು.

ಅಣ್ಣ ಎದ್ದು ಫೋನ್ ತರಲು ಒಳಗೆ ಹೋದ.