ಕೆಂಪು ಹಕ್ಕಿಯ ಕೆಂಪು ಎಲ್ಲಿಂದ?

ಸ್ಕಾರ್ಲೆಟ್ ಐಬಿಸ್ ಹುಟ್ಟುವಾಗ ಕೆಂಪಗಿರುವುದಿಲ್ಲ. ಮರಿಗೆ ಬೂದು ಕಂದು ಬಣ್ಣ. ದಕ್ಷಿಣ ಅಮೆರಿಕದ ಉತ್ತರ ಕರಾವಳಿ, ಟ್ರಿನಿಡಾಡ್‌ನ ಕರೋನಿ ಜೌಗು ಇದರ ತವರು. ಅಲ್ಲಿ ಬಾಗಿದ ಕೊಕ್ಕನ್ನು ಕೆಸರಿಗೆ ಚುಚ್ಚಿ ಏಡಿ, ಸಿಗಡಿ ತಿನ್ನುತ್ತಾ ಬೆಳೆದಂತೆ ಅವುಗಳಲ್ಲಿರುವ ಕ್ಯಾರೋಟಿನಾಯ್ಡ್ ಗರಿಗೆ ಸೇರಿ ಹಕ್ಕಿ ಕೆಂಪಾಗುತ್ತದೆ.

ಇದನ್ನೆಲ್ಲ ನಾನು ಓದಿದ್ದು ಸೋದರಮಾವನಿಗಾಗಿ. ಬಂಟ್ವಾಳದ ಹತ್ತಿರ ಅವರ ಅಡಿಕೆ ತೋಟ. ಕೊಳೆರೋಗ ಫಸಲನ್ನು ತಿಂದ ಮೇಲೆ ಸಾಲ ತೀರಿಸಲು ಹೋಂಸ್ಟೇ ಮಾಡುವ ಯೋಚನೆ ಅವರದು. ಎಲ್ಲೋ ವಿಡಿಯೋ ನೋಡಿ, "ಕೆರೆ ಬದಿಗೆ ಒಂದು ಜೋಡಿ ಕೆಂಪು ಹಕ್ಕಿ ಬಿಟ್ರೆ ಜನ ಫೋಟೋ ತೆಗೀಲಿಕ್ಕಾದ್ರೂ ಬರ್ತಾರೆ. ನೀನು ಕಂಪ್ಯೂಟರ್‌ನವ, ಸ್ವಲ್ಪ ನೋಡಿ ಹೇಳು ಮಾರಾಯ" ಅಂದರು.

ನೋಡಿದೆ. ಅಕ್ಕಿ, ಜೋಳ ಹಾಕಿ ಸಾಕುವ ಹಕ್ಕಿ ಇದಲ್ಲ. ಆಹಾರದಲ್ಲಿ ಆ ಬಣ್ಣದ ಅಂಶ ಇಲ್ಲದಿದ್ದರೆ, ಹಳೆ ಗರಿ ಉದುರಿ ಹೊಸತು ಬಂದಾಗಲೆಲ್ಲ ಕೆಂಪು ಮಾಸುತ್ತಾ ಹೋಗುತ್ತದೆ. ಅದಕ್ಕೇ ಮೃಗಾಲಯಗಳಲ್ಲಿ ಕ್ಯಾಂಥಾಕ್ಸಾಂಥಿನ್‌ನಂಥ ಅಂಶ ಬೆರೆಸಿದ ಆಹಾರ ಕೊಡುತ್ತಾರೆ. ಇದು ಹಿಂಡಿನಲ್ಲಿ ಬಾಳುವ ಜೀವ, ಎರಡೇ ಇದ್ದರೆ ಅದಕ್ಕೆ ಸಾಲದು. ಸಿಮೆಂಟ್ ನೆಲದ ಮೇಲೆ ನಿಂತೇ ಇದ್ದರೆ ಪಾದ ಹುಣ್ಣಾಗುತ್ತದೆ, ಮೆತ್ತನೆ ಮಣ್ಣು ಬೇಕು. ಆಳವಿಲ್ಲದ ನೀರು ಬೇಕು, ಅದನ್ನು ಆಗಾಗ ಬದಲಿಸಬೇಕು. ನಮ್ಮ ಆಟಿಯ ಮಳೆಗೆ ತೇವ ಹಿಡಿದ ಗೂಡಿನಲ್ಲಿ ಬೂಸ್ಟು ಬಂದರೆ ಹಕ್ಕಿಯ ಶ್ವಾಸಕೋಶಕ್ಕೇ ಅಪಾಯ.

ಇನ್ನು ಕಾನೂನು. ಸ್ಕಾರ್ಲೆಟ್ ಐಬಿಸ್ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ವಿದೇಶಿ ಪ್ರಾಣಿಗಳಿಗೂ ನೋಂದಣಿ ಕಡ್ಡಾಯ. 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮರಿಯಾದರೂ ಸತ್ತರೂ ತಿಳಿಸಬೇಕು. ಮಾರುವವನು ದಾಖಲೆ ಕೊಡದಿದ್ದರೆ ತಲೆನೋವು ಕೊಂಡವನಿಗೆ.

ಖರ್ಚನ್ನೆಲ್ಲ ಎಕ್ಸೆಲ್‌ನಲ್ಲಿ ಬರೆದು ಕಳಿಸಿದೆ. ಮಾವ ಎರಡು ದಿನ ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಬರುವವರಿಗೆ ತೋರಿಸುವುದು ಎಂತದನ್ನು?" ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆ. ನಮ್ಮಲ್ಲೂ ಕೆಂಬರಲು ಇದೆ: ಬಿಳಿ ಮೈ, ಕಪ್ಪು ತಲೆ, ಅದೇ ಬಾಗಿದ ಕೊಕ್ಕು. ಅದನ್ನು ಹಿಡಿದು ಸಾಕುವಂತಿಲ್ಲ, ಸಾಕುವ ಅಗತ್ಯವೂ ಇಲ್ಲ. ಗದ್ದೆಗೆ ಮಣ್ಣು ತುಂಬಿಸದೆ, ವಿಷ ಹೊಡೆಯದೆ, ನೀರು ನಿಲ್ಲಲು ಬಿಟ್ಟರೆ ಕೊಕ್ಕರೆಗಳ ಜೊತೆ ಅದೂ ಬಂದೀತು. ಬರಲೇಬೇಕೆಂದೇನಿಲ್ಲ, ಫೋಟೋಕ್ಕೆ ಕೆಂಪೂ ಸಿಗದು. ಆದರೆ ಅದರ ಊಟಕ್ಕೆ ಸಾಲ ಮಾಡಬೇಕಾಗಿಲ್ಲ.